ಹದಿನೈದು ತಿಂಗಳ ಮಗುವಿಗೆ ಯಾವ ಆಟಿಕೆ ಬೇಕು, ಯಾವುದು ಬೇಡ?

ಪ್ರಶ್ನೆ: ನನ್ನ ಮಗನಿಗೆ ಈಗ 15 ತಿಂಗಳು, ಮಗಳಿಗೆ ನಾಲ್ಕು ವರ್ಷ. ಮಗನ ಮೊದಲ ಹುಟ್ಟುಹಬ್ಬಕ್ಕೆ ಬಂದ ಆಟಿಕೆಗಳೇ ಒಂದು ದೊಡ್ಡ ಬುಟ್ಟಿ ತುಂಬಿವೆ. ಆದರೆ ಅವನು ಒಂದೊಂದನ್ನೇ ಎತ್ತಿ ಎಸೆಯುತ್ತಾನೆ, ಆಮೇಲೆ ಅಡುಗೆಮನೆಗೆ ಬಂದು ಸ್ಟೀಲ್ ಡಬ್ಬಿಗಳನ್ನು ಎಳೆದು ಹಾಕುತ್ತಾನೆ. ಎಬಿಸಿಡಿ ಹೇಳಿಕೊಡುವ ಬ್ಯಾಟರಿ ಆಟಿಕೆ ತಂದರೆ ಬುದ್ಧಿ ಚುರುಕಾಗುತ್ತದೆ ಎನ್ನುತ್ತಾರೆ ನಮ್ಮ ಮನೆಯವರು. ಚನ್ನಪಟ್ಟಣದ ಮರದ ಆಟಿಕೆ ಸಾಕು ಎನ್ನುತ್ತಾರೆ ಅತ್ತೆ. ಯಾರೋ ವಾಕರ್ ಕೂಡ ಕೊಟ್ಟಿದ್ದಾರೆ. ಮಗು ಇನ್ನೂ ಗೋಡೆ ಹಿಡಿದೇ ನಡೆಯುತ್ತಿದೆ. ಎರಡು ಸಾವಿರ ರೂಪಾಯಿಯೊಳಗೆ ಏನು ಕೊಳ್ಳಲಿ? ಅಕ್ಕ, ತಮ್ಮ ಇಬ್ಬರೂ ಕೂಡಿ ಆಡುವಂಥದ್ದು ಏನಾದರೂ ಇದೆಯೇ?
ಓದುಗರು, ದಾವಣಗೆರೆ

ಉತ್ತರ: ಸದ್ಯಕ್ಕೆ ಅಂಗಡಿಗೆ ಹೋಗಬೇಡಿ. ನಿಮ್ಮ ಮಗನಿಗೆ ಈಗ ಏನು ಬೇಕೆಂದು ಅವನೇ ತೋರಿಸುತ್ತಿದ್ದಾನೆ. ಹದಿನೈದು ತಿಂಗಳ ಮಗು ದಿನವಿಡೀ ಮಾಡುವ ಕೆಲಸಗಳು ನಾಲ್ಕೈದೇ: ಒಳಗೆ ಹಾಕುವುದು, ಹೊರಗೆ ತೆಗೆಯುವುದು, ಮುಚ್ಚಳ ಮುಚ್ಚಿ ತೆರೆಯುವುದು, ಬಡಿದು ಸದ್ದು ಕೇಳುವುದು, ಒಂದರ ಮೇಲೊಂದು ಇಡುವುದು. ಸ್ಟೀಲ್ ಡಬ್ಬಿಯಲ್ಲಿ ಇವೆಲ್ಲವೂ ಇವೆ. ಸಣ್ಣದು ದೊಡ್ಡದರೊಳಗೆ ಕೂರುತ್ತದೆ, ದೊಡ್ಡದು ಸಣ್ಣದರೊಳಗೆ ಕೂರುವುದಿಲ್ಲ. ಬರಿ ಡಬ್ಬಿಯ ಸದ್ದು ಬೇರೆ, ಬೇಳೆ ತುಂಬಿದ ಡಬ್ಬಿಯ ಸದ್ದು ಬೇರೆ. ಗುಂಡಿ ಒತ್ತಿದರೆ ಹಾಡುವ ಆಟಿಕೆಯಲ್ಲಿ ಮಗುವಿಗೆ ಉಳಿಯುವುದು ಒಂದು ಬೆರಳಿನ ಕೆಲಸ ಮಾತ್ರ.

ಆಟಿಕೆ ಕೈಗೆತ್ತಿಕೊಂಡಾಗ ಹೀಗೆ ಕೇಳಿಕೊಳ್ಳಿ: ಇದರಲ್ಲಿ ಹೆಚ್ಚು ಕೆಲಸ ಮಾಡುವುದು ಯಾರು, ಆಟಿಕೆಯೋ ಮಗುವೋ? ಆಟಿಕೆ ತಾನೇ ಓಡಿ, ತಾನೇ ಹಾಡಿ, ತಾನೇ ಮಿನುಗಿದರೆ ಮಗು ಬರೀ ನೋಡುಗ. ಬೆಲೆ, ಬಣ್ಣ, ಪೆಟ್ಟಿಗೆಯ ಮೇಲಿನ ‘ಎಜುಕೇಶನಲ್’ ಎಂಬ ಪದ ಇವುಗಳಿಗಿಂತ ಈ ಒಂದು ಪ್ರಶ್ನೆಯನ್ನು ನಂಬಬಹುದು.

ಎಸೆಯುವುದಕ್ಕೆ ಕಾರಣವಿದೆ

ಮಗು ಐದಾರು ತಿಂಗಳಿಗೇ ವಸ್ತುವನ್ನು ಹಿಡಿಯಲು ಕಲಿಯುತ್ತದೆ. ಆದರೆ ಬೇಕೆಂದಾಗ ಬಿಡುವುದು ಅದಕ್ಕಿಂತ ಕಷ್ಟದ ವಿದ್ಯೆ; ಅದು ಕೈವಶವಾಗುವುದು ವರ್ಷದ ಆಸುಪಾಸಿನಲ್ಲಿ. ಹೊಸದಾಗಿ ಬಂದ ಈ ವಿದ್ಯೆಯನ್ನು ನಿಮ್ಮ ಮಗ ದಿನಕ್ಕೆ ನೂರು ಸಲ ಅಭ್ಯಾಸ ಮಾಡುತ್ತಿದ್ದಾನೆ. ಬಿದ್ದದ್ದು ಎಲ್ಲಿ ಹೋಯಿತು, ಎಂಥ ಸದ್ದಾಯಿತು, ಅಮ್ಮ ಏನೆಂದಳು ಎಂಬುದನ್ನೂ ಗಮನಿಸುತ್ತಿದ್ದಾನೆ. ಬೈದು ನಿಲ್ಲಿಸುವ ಬದಲು ಎಸೆಯಬಹುದಾದದ್ದನ್ನು ಕೊಡಿ. ಹಳೆಯ ಹತ್ತಿ ಸೀರೆಯ ತುಂಡುಗಳನ್ನು ಒತ್ತಾಗಿ ತುಂಬಿ, ಹತ್ತು ಹನ್ನೆರಡು ಸೆಂಟಿಮೀಟರ್ ಅಡ್ಡಳತೆಯ ಮೂರು ಚೆಂಡು ಹೊಲಿಯಿರಿ. ಗುಂಡಿ, ಮಣಿ, ದಾರ ಯಾವುದೂ ಬೇಡ. ಎರಡು ಅಡಿ ದೂರದಲ್ಲಿ ಅಗಲ ಬಾಯಿಯ ಬುಟ್ಟಿ ಇಟ್ಟು, ಒಂದು ಚೆಂಡನ್ನು ನೀವೇ ಹಾಕಿ ತೋರಿಸಿ. ಗಟ್ಟಿ ಸಾಮಾನು ಎಸೆದರೆ ಸುಮ್ಮನೆ ಅದನ್ನು ತೆಗೆದಿಟ್ಟು ‘ಇದನ್ನು ಎಸಿ’ ಎಂದು ಚೆಂಡು ಕೊಡಿ. ದೊಡ್ಡದಾಗಿ ಗದರಿದರೆ ಅದೂ ಅವನಿಗೆ ಆಟವೇ ಆಗುತ್ತದೆ, ಮತ್ತೆ ಎಸೆಯುತ್ತಾನೆ.

ಎಸೆತಕ್ಕೆ ಇನ್ನೊಂದು ಕಾರಣ ಆ ಬುಟ್ಟಿಯೇ. ರಾಶಿಯಲ್ಲಿ ಮಗುವಿಗೆ ಯಾವುದೂ ಬಿಡಿಯಾಗಿ ಕಾಣುವುದಿಲ್ಲ. ಒಂದನ್ನು ಎತ್ತುತ್ತದೆ, ಪಕ್ಕದ್ದು ಕಣ್ಣಿಗೆ ಬೀಳುತ್ತದೆ, ಕೈಯಲ್ಲಿದ್ದದ್ದು ಹೋಗುತ್ತದೆ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18ರಿಂದ 30 ತಿಂಗಳ 36 ಮಕ್ಕಳನ್ನು ಒಮ್ಮೆ ನಾಲ್ಕು ಆಟಿಕೆಗಳ ನಡುವೆ, ಮತ್ತೊಮ್ಮೆ ಹದಿನಾರು ಆಟಿಕೆಗಳ ನಡುವೆ ಬಿಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು ಇದ್ದರು, ಅದರಲ್ಲೇ ಬೇರೆಬೇರೆ ರೀತಿ ಆಡಿದರು.

ಹಾಗಾಗಿ ಆರೇ ಆರು ಸಾಮಾನು ಹೊರಗಿರಲಿ. ಮಗುವಿನ ಎದೆಮಟ್ಟಕ್ಕಿಂತ ಎತ್ತರವಿಲ್ಲದ, ಗೋಡೆಗೆ ಸ್ಕ್ರೂ ಹಾಕಿ ಭದ್ರ ಮಾಡಿದ ಶೆಲ್ಫಿನಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ. ಉಳಿದವು ಅಟ್ಟದ ಮೇಲಿರಲಿ. ಎಂಟು ಹತ್ತು ದಿನಕ್ಕೊಮ್ಮೆ, ಮಗು ಯಾವುದರ ಕಡೆ ನೋಡುವುದನ್ನೂ ಬಿಟ್ಟಿದೆಯೋ ಅಂಥ ಎರಡು ಮೂರನ್ನು ಮಾತ್ರ ಬದಲಿಸಿ. ಆರನ್ನೂ ಒಟ್ಟಿಗೆ ಬದಲಿಸಬೇಡಿ. ಪರಿಚಯದ ಸಾಮಾನಿನಲ್ಲೇ ಮಗು ಹೊಸ ಆಟ ಹುಡುಕುವುದು.

ಬುಟ್ಟಿ ಸುರಿದು ಮೊದಲು ಮಾಡಬೇಕಾದದ್ದು

ಈ ವಯಸ್ಸಿನಲ್ಲಿ ಎಲ್ಲವೂ ಬಾಯಿಗೆ ಹೋಗುತ್ತದೆ. ಒಂದು ರಟ್ಟಿನ ಪಟ್ಟಿ ಕತ್ತರಿಸಿ: ಉದ್ದ 11 ಸೆಂ.ಮೀ., ಅಗಲ 6 ಸೆಂ.ಮೀ. ಉದ್ದದ ತುದಿಗಳನ್ನು 1 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಅಂಟಿಸಿದರೆ ಸುಮಾರು 3.2 ಸೆಂ.ಮೀ. ಅಡ್ಡಳತೆಯ ಕೊಳವೆಯಾಗುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷಿಸಲು ಪ್ರಯೋಗಾಲಯದಲ್ಲಿ ಬಳಸುವ ಸಿಲಿಂಡರಿನ ಅಗಲ ಹೆಚ್ಚುಕಡಿಮೆ ಇದೇ. ಇದರೊಳಗೆ ಪೂರ್ತಿ ಇಳಿಯುವ ಏನೇ ಇದ್ದರೂ ತಮ್ಮನಿಗೆ ಸಲ್ಲದು. ಚೆಂಡಿಗೆ ಈ ಅಳತೆ ಸಾಲದು, ಏಕೆಂದರೆ ದುಂಡನೆಯ ವಸ್ತು ಗಂಟಲಲ್ಲಿ ಬಿರಡೆಯ ಹಾಗೆ ಕೂತುಬಿಡುತ್ತದೆ. ಅದಕ್ಕೆ 15 ಸೆಂ.ಮೀ. ಪಟ್ಟಿಯಿಂದ ಇನ್ನೊಂದು ಕೊಳವೆ ಮಾಡಿ. ಅದರಲ್ಲಿ ತೂರುವ ಚೆಂಡು, ಗೋಲಿ, ಮರದ ಮೊಟ್ಟೆ ಎಲ್ಲವನ್ನೂ ತೆಗೆದಿಡಿ.

ಆಮೇಲೆ ಪ್ರತಿಯೊಂದನ್ನೂ ನಿಮ್ಮ ಕೈಯಲ್ಲೇ ಎಳೆದು, ತಿರುಚಿ, ಒಮ್ಮೆ ನೆಲಕ್ಕೆ ಬಿಟ್ಟು ನೋಡಿ. ಗೊಂಬೆಯ ಪ್ಲಾಸ್ಟಿಕ್ ಕಣ್ಣು, ಕಾರಿನ ಚಕ್ರ, ಪೀಪಿಯ ತುದಿ ಕಿತ್ತುಬರುವುದು ಆಗಲೇ ಗೊತ್ತಾಗುತ್ತದೆ. ಒಂದು ಗೇಣಿಗಿಂತ ಉದ್ದದ ದಾರವಿದ್ದರೆ ಕತ್ತರಿಸಿ. ಹುಟ್ಟುಹಬ್ಬದ ಬಲೂನು ಉಳಿದಿದ್ದರೆ, ಒಡೆದ ಚೂರೂ ಸಿಗದಂತೆ ಎಸೆದುಬಿಡಿ. ರಬ್ಬರಿನ ಚೂರು ಉಸಿರುನಾಳಕ್ಕೆ ಅಂಟಿದರೆ ಹೊರತೆಗೆಯುವುದು ಬಲು ಕಷ್ಟ. ನೀರಿನಲ್ಲಿ ಉಬ್ಬುವ ಬಣ್ಣದ ಜೆಲ್ ಮಣಿಗಳು, ಕಿತ್ತುಬರುವ ಅಯಸ್ಕಾಂತದ ಗುಂಡುಗಳು ನಾಲ್ಕು ವರ್ಷದ ಅಕ್ಕನಿಗೂ ಬೇಡ. ಮಣಿ ಕರುಳಿನಲ್ಲಿ ಉಬ್ಬಿ ದಾರಿ ಮುಚ್ಚುತ್ತದೆ. ಎರಡು ಅಯಸ್ಕಾಂತ ನುಂಗಿದರೆ ಅವು ಕರುಳಿನ ಎರಡು ಸುತ್ತುಗಳನ್ನು ನಡುವೆ ಹಿಚುಕಿಕೊಂಡು ತೂತು ಮಾಡುತ್ತವೆ.

ಬಿಲ್ಲೆ ಬ್ಯಾಟರಿಯ (ನಾಣ್ಯದಂಥ ಬಟನ್ ಸೆಲ್) ವಿಷಯದಲ್ಲಿ ಒಂಚೂರೂ ರಿಯಾಯಿತಿ ಬೇಡ. ಹಾಡುವ ಕಾರ್ಡು, ಮಿನುಗುವ ಬುಗುರಿ, ಸಣ್ಣ ರಿಮೋಟುಗಳಲ್ಲಿ ಇದಿರುತ್ತದೆ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗಿನ ಪದರವನ್ನು ಸುಡಬಲ್ಲದು. ಬ್ಯಾಟರಿ ಗೂಡಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆ ಮನೆಯಲ್ಲೇ ಇರಬಾರದು. ನುಂಗಿದ ಅನುಮಾನ ಬಂದರೆ ವಾಂತಿ ಮಾಡಿಸಬೇಡಿ, ಮಲದಲ್ಲಿ ಬರುತ್ತದೆಂದು ಕಾಯಬೇಡಿ. ಎಕ್ಸ್‌ರೇ ಮತ್ತು ಎಂಡೋಸ್ಕೋಪಿ ಎರಡೂ ಇರುವ ಆಸ್ಪತ್ರೆಗೆ ಆ ಕೂಡಲೇ ಹೊರಡಿ.

ಎಬಿಸಿಡಿ ಹೇಳುವ ಆಟಿಕೆ

ನಿಮ್ಮ ಯಜಮಾನರ ಕಾಳಜಿ ಸರಿಯಾದದ್ದೇ, ಮಗುವಿನ ಮಾತು ಬೆಳೆಯಬೇಕಾದ ಕಾಲವಿದು. ಆದರೆ ಮಾತು ಬೆಳೆಸುವುದು ಯಂತ್ರದ ದನಿಯಲ್ಲ. ಅಮೆರಿಕದ ನಾರ್ದರ್ನ್ ಅರಿಜೋನ ವಿಶ್ವವಿದ್ಯಾಲಯದ ಅಧ್ಯಯನವೊಂದು 10ರಿಂದ 16 ತಿಂಗಳ ಮಕ್ಕಳಿರುವ 26 ಮನೆಗಳಲ್ಲಿ ತಂದೆ ತಾಯಿ ಮಗುವಿನ ಜೊತೆ ಆಡುವಾಗಿನ ಮಾತನ್ನು ಧ್ವನಿಮುದ್ರಿಸಿಕೊಂಡಿತ್ತು. ಬ್ಯಾಟರಿ ಆಟಿಕೆ ನಡುವೆ ಇದ್ದಾಗ ದೊಡ್ಡವರ ಮಾತು ಕಡಿಮೆಯಾಯಿತು. ಮಕ್ಕಳು ದನಿ ತೆಗೆಯುವುದೂ ಪುಸ್ತಕ ನೋಡುವಾಗಿನದಕ್ಕಿಂತ ಕಡಿಮೆ. ಪುಸ್ತಕ ಇದ್ದಾಗ ದೊಡ್ಡವರ ಮಾತು ಎಲ್ಲಕ್ಕಿಂತ ಹೆಚ್ಚಿತ್ತು. ಆಟಿಕೆ ಮಾತನಾಡತೊಡಗಿದರೆ ನಾವು ಬಾಯಿ ಮುಚ್ಚಿ ಕೂರುತ್ತೇವೆ, ಅದೇ ತೊಂದರೆ.

ಅಕ್ಷರಗಳನ್ನು ಗುರುತಿಸುವ ವಯಸ್ಸು ಇದಲ್ಲ. ಈಗ ಬೇಕಿರುವುದು ‘ಹಾಕು’, ‘ತೆಗಿ’, ‘ಬಿತ್ತು’, ‘ಇನ್ನೊಂದು’, ‘ಎಲ್ಲಿ?’ ಎಂಬ ಮಾತುಗಳು, ಅದೂ ಅವನ ಕೈ ಆ ಕೆಲಸ ಮಾಡುತ್ತಿರುವ ಕ್ಷಣದಲ್ಲೇ ಬರಬೇಕು. ಡಬ್ಬಿ ಬಿದ್ದಾಗ ‘ಢಣ್ ಅಂತು!’ ಎನ್ನಿ, ನಂತರ ಐದು ಎಣಿಸುವಷ್ಟು ಹೊತ್ತು ಸುಮ್ಮನಿದ್ದು ಅವನ ಮುಖ ನೋಡಿ. ಈ ಬಿಡುವಿನಲ್ಲೇ ಮಗು ತನ್ನ ದನಿ ಸೇರಿಸುವುದು. ನಾವು ಬಿಡುವೇ ಕೊಡದೆ ಪ್ರಶ್ನೆ ಮೇಲೆ ಪ್ರಶ್ನೆ ಹಾಕುತ್ತೇವೆ. ದಪ್ಪ ರಟ್ಟಿನ ಹಾಳೆಯ, ಪುಟಕ್ಕೆ ಒಂದೆರಡು ಚಿತ್ರವಿರುವ ಎರಡು ಪುಸ್ತಕ ತನ್ನಿ. ಎಬಿಸಿಡಿ ಆಟಿಕೆಗೆ ಇಟ್ಟ ದುಡ್ಡು ಅಲ್ಲಿಗೆ ಹೋಗಲಿ. ಮೊಬೈಲು, ಟ್ಯಾಬು ಬೇಡವೇ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಒಂದು ವರ್ಷದ ಮಗುವಿಗೆ ಪರದೆ ಸೂಕ್ತವಲ್ಲ. ಎರಡರಿಂದ ನಾಲ್ಕು ವರ್ಷದವರಿಗೂ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು.

ಮನೆಯಲ್ಲೇ ಮಾಡುವ ತೂತಿನ ಡಬ್ಬಿ

ಅಂಗಡಿಯಲ್ಲಿ ‘ಶೇಪ್ ಸಾರ್ಟರ್’ ಎಂದು ಮಾರುವ ಪೆಟ್ಟಿಗೆಯಲ್ಲಿ ಹತ್ತು ಹನ್ನೆರಡು ಆಕಾರದ ತೂತುಗಳಿರುತ್ತವೆ. ಈ ವಯಸ್ಸಿಗೆ ಅದು ಹೆಚ್ಚಾಯಿತು. ಮಗು ಎರಡು ಸಲ ಪ್ರಯತ್ನಿಸಿ ಮುಚ್ಚಳವನ್ನೇ ಕೀಳುತ್ತದೆ. ಅದೇ ವಿದ್ಯೆಯನ್ನು ಮೂರು ಮೆಟ್ಟಿಲಾಗಿ ಒಡೆಯಬಹುದು. ಒಂದು ಕಿಲೋ ಅಕ್ಕಿ ಹಿಡಿಯುವಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ, ಮೆತ್ತನೆಯ ಮುಚ್ಚಳವಿರಲಿ. ತಗಡಿನ ಡಬ್ಬ ಬೇಡ, ಅಂಚು ಕುಯ್ಯುತ್ತದೆ.

ಮೊದಲು ಮುಚ್ಚಳವಿಲ್ಲದೆ ಕೊಡಿ. ಐದು ಸೆಂ.ಮೀ.ಗಿಂತ ದೊಡ್ಡದಾದ ಐದಾರು ಸಾಮಾನು ಸಾಕು: ಮರದ ಬಳೆ, ಜಾಮ್ ಬಾಟಲಿಯ ಅಗಲ ಮುಚ್ಚಳ, ಮಡಿಸಿದ ಕರವಸ್ತ್ರ, ಸಣ್ಣ ಸ್ಟೀಲ್ ಲೋಟ. ಹಾಕಿ, ಸುರಿದು, ಮತ್ತೆ ಹಾಕುವುದು ಸಲೀಸಾದ ಮೇಲೆ ಮುಚ್ಚಳದಲ್ಲಿ ಏಳು ಸೆಂ.ಮೀ. ಅಗಲದ ದುಂಡು ತೂತು ಕೊರೆದು, ಆರು ಸೆಂ.ಮೀ. ಚೆಂಡು ಕೊಡಿ. ಚೆಂಡನ್ನು ಹೇಗೆ ಹಿಡಿದರೂ ಅದು ಒಳಗೆ ಹೋಗುತ್ತದೆ. ಮೂರನೆಯದು ಸೀಳು: ಇನ್ನೊಂದು ಮುಚ್ಚಳದಲ್ಲಿ ಎಂಟು ಸೆಂ.ಮೀ. ಉದ್ದ, ಎರಡು ಸೆಂ.ಮೀ. ಅಗಲ. ಜಾಮ್ ಮುಚ್ಚಳವನ್ನು ಇದರಲ್ಲಿ ಹಾಕಬೇಕಾದರೆ ಮಣಿಕಟ್ಟು ತಿರುಗಿಸಿ ಸೀಳಿನ ನೇರಕ್ಕೆ ತರಬೇಕು. ಮುಂದೆ ಚಮಚ ಹಿಡಿಯಲು, ಗುಂಡಿ ಹಾಕಲು ಬೇಕಾಗುವುದು ಇದೇ ತಿರುವು. ಕತ್ತರಿಸಿದ ಅಂಚನ್ನೆಲ್ಲ ಮರಳು ಕಾಗದದಿಂದ ಉಜ್ಜಿ, ನಿಮ್ಮ ಬೆರಳು ಆಡಿಸಿ ನೋಡಿದ ಮೇಲೆಯೇ ಕೊಡಿ.

ಸೀಳಿನ ಮುಂದೆ ಮಗು ಒದ್ದಾಡಿ ಸಿಟ್ಟಾದರೆ ಹಿಂದಿನ ಮೆಟ್ಟಿಲಿಗೆ ಇಳಿಯಿರಿ, ಎರಡು ವಾರ ಬಿಟ್ಟು ಮತ್ತೆ ನೋಡಿ. ಕೈ ಹಿಡಿದು ಮಾಡಿಸಬೇಡಿ. ಬೇಕಾದರೆ ಡಬ್ಬವನ್ನು ಸ್ವಲ್ಪ ಓರೆ ಮಾಡಿ ಕೊಡಿ, ಅಷ್ಟೇ.

ಎರಡು ಸಾವಿರ ಎಲ್ಲಿಗೆ ಹೋಗಬೇಕು

ಹೆಚ್ಚಿನ ಪಾಲು ಮರದ ಬ್ಲಾಕುಗಳಿಗೆ. ಅಕ್ಕ, ತಮ್ಮ ಇಬ್ಬರಿಗೂ ಹೊಂದುವ, ಆರೇಳು ವರ್ಷದವರೆಗೂ ಹಳತಾಗದ ಆಟಿಕೆ ಇದೊಂದೇ. ಪರಿಚಯದ ಬಡಗಿ ಇದ್ದರೆ ತೇಗ ಅಥವಾ ಹಲಸಿನ ತುಂಡುಗಳಿಂದ ಮಾಡಿಸಿ. ಪ್ಲೈವುಡ್, ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ತುಂಡು ಬೇಡ. ಅಂಟಿನ ಪದರ ಬಿಟ್ಟು ಸಿಬಿರು ಏಳುತ್ತದೆ. ಬಡಗಿಗೆ ಅಳತೆ ಹೀಗೆ ಬರೆದುಕೊಡಿ: 4 ಸೆಂ.ಮೀ. ಘನ ಹನ್ನೆರಡು, 4×4×8 ಸೆಂ.ಮೀ. ಹನ್ನೆರಡು, 4×2×16 ಸೆಂ.ಮೀ. ಪಟ್ಟಿ ಆರು. ಅಳತೆ ಒಂದಕ್ಕೊಂದು ಸರಿಯಾಗಿ ದುಪ್ಪಟ್ಟಾಗಿರಬೇಕು. ಎರಡು ಘನ ಸೇರಿದರೆ ಒಂದು ಉದ್ದ ಬ್ಲಾಕಿಗೆ ಸಮ ಎಂದು ಅಕ್ಕನ ಕೈಗೆ ತಿಳಿಯುವುದು ಹಾಗಿದ್ದಾಗಲೇ. ಎರಡು ಮಿಲಿಮೀಟರ್ ವ್ಯತ್ಯಾಸವಾದರೂ ಸೇತುವೆ ಅಲ್ಲಾಡುತ್ತದೆ, ಮಗು ತನ್ನದೇ ತಪ್ಪೆಂದುಕೊಂಡು ಬಿಟ್ಟುಬಿಡುತ್ತದೆ. ಅಂಚು, ಮೂಲೆಗಳನ್ನು ಎರಡು ಮಿ.ಮೀ. ದುಂಡಗೆ ಮಾಡಿ, 120ರ ಮರಳು ಕಾಗದ, ಆಮೇಲೆ 220ರದ್ದು ಹೊಡೆಯಲು ಹೇಳಿ. ವಾರ್ನಿಷ್ ಬೇಡ, ಬಣ್ಣವೂ ಬೇಡ. ನುಣುಪು ಜಾಸ್ತಿಯಾದರೆ ಗೋಪುರ ಜಾರುತ್ತದೆ.

ತಮ್ಮನಿಗೆ ಈಗ ಆರು ಘನ ಸಾಕು. ಈ ವಯಸ್ಸಿಗೆ ಎರಡು ಬ್ಲಾಕಿನ ಗೋಪುರ, ಒಂದೂವರೆ ವರ್ಷಕ್ಕೆ ಮೂರು ನಾಲ್ಕು, ಎರಡಕ್ಕೆ ಸುಮಾರು ಆರು, ಮೂರಕ್ಕೆ ಒಂಬತ್ತು ಮತ್ತು ನೋಡಿ ಕಟ್ಟುವ ಸೇತುವೆ. ಇದು ಸರಾಸರಿ ಮಾತ್ರ, ಪರೀಕ್ಷೆಯಲ್ಲ. ಅಕ್ಕ ಕಟ್ಟುತ್ತಾಳೆ, ತಮ್ಮ ಕೆಡವುತ್ತಾನೆ, ಜಗಳ ಖಂಡಿತ. ಅವಳ ಕಟ್ಟಡಕ್ಕೆ ದೀವಾನದ ಮೇಲೆಯೋ ಮೇಜಿನ ಮೇಲೆಯೋ ಅವನ ಕೈಗೆಟುಕದ ಜಾಗ ಕೊಡಿ. ನೆಲದ ಮೇಲೆ ‘ಕೆಡವುವ ಗೋಪುರ’ ಎಂಬ ಬೇರೆಯೇ ಆಟ ಇರಲಿ: ಅವಳು ನಾಲ್ಕು ಬ್ಲಾಕು ಪೇರಿಸಿ ‘ಒಂದು, ಎರಡು, ಮೂರು’ ಎನ್ನಬೇಕು, ‘ಮೂರು’ ಎಂದ ಮೇಲೆ ಅವನು ಬೀಳಿಸಬೇಕು. ಅವನಿಗೆ ಕಾಯುವುದರ ಮೊದಲ ಪಾಠವಾಗುತ್ತದೆ, ಯಜಮಾನಿಕೆ ಅವಳದಾಗುತ್ತದೆ.

ಅತ್ತೆಯವರ ಮಾತಿನಲ್ಲೂ ಹುರುಳಿದೆ. ಚನ್ನಪಟ್ಟಣದ ಸಾಂಪ್ರದಾಯಿಕ ಆಟಿಕೆಗೆ ಹಾಲೆ ಮರ ಬಳಸುತ್ತಾರೆ. ಚರಕಿಯ ಮೇಲೆ ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿ ಹಿಡಿದಾಗ ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿ ಒತ್ತಿ ಹೊಳಪು ತರುತ್ತಾರೆ. ಕುಂಚದಲ್ಲಿ ಬಳಿದ ಪೇಂಟಿನ ಹಾಗೆ ಅದು ಸಿಪ್ಪೆಯಾಗಿ ಏಳುವುದು ಕಡಿಮೆ. ಕಡ್ಡಿಗೆ ಏರಿಸುವ ಉಂಗುರಗಳ ಸೆಟ್ ಅಥವಾ ಎಳೆಯುವ ಗಾಡಿ ಒಂದು ತನ್ನಿ. ಉಂಗುರದ ಸೆಟ್ಟಿನಲ್ಲಿ ಕಡ್ಡಿ ನೇರವಾಗಿದ್ದು ಉಂಗುರದ ತೂತು ಸಡಿಲವಾಗಿರಲಿ; ಮೊದಲು ಮೂರೇ ಉಂಗುರ ಕೊಡಿ, ಗಾತ್ರದ ಕ್ರಮ ಕೇಳಬೇಡಿ, ಅದು ಎರಡು ವರ್ಷದ ಆಚೆಗಿನ ಮಾತು. ಸ್ಯಾನಿಟೈಸರ್ ಹಾಕಿ ಒರೆಸಬೇಡಿ, ಆಲ್ಕೋಹಾಲಿಗೆ ಅರಗು ಕರಗುತ್ತದೆ. ನೀರಿನಲ್ಲಿ ನೆನೆಹಾಕಿದರೆ ಮರ ಉಬ್ಬಿ ಸೀಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿದರೆ ಆಯಿತು.

ಆದರೆ ಮರದ್ದೆಲ್ಲ ಒಳ್ಳೆಯದೇ ಎಂದು ನಂಬಬೇಡಿ. ಆಯಿಲ್ ಪೇಂಟ್ ಬಳಿದ ಅಗ್ಗದ ಮರದ ಆಟಿಕೆಯಲ್ಲಿ ಸೀಸ ಇರಬಹುದು. 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಮೇಲೆ ಐಎಸ್ 9873 (ವಿದ್ಯುತ್ ಅಥವಾ ಬ್ಯಾಟರಿ ಆಟಿಕೆಯಾದರೆ ಐಎಸ್ 15644), ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಹೆಸರು ಹೊಂದದಿದ್ದರೆ ಬಿಡಿ. ನೋಂದಾಯಿತ ಕರಕುಶಲಕರ್ಮಿಗಳು ತಯಾರಿಸಿದ ಆಟಿಕೆಗಳಿಗೆ ಮತ್ತು ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದವಕ್ಕೆ ಈ ನಿಯಮದಿಂದ ವಿನಾಯಿತಿ ಇದೆ, ಚನ್ನಪಟ್ಟಣದ ಆಟಿಕೆಗೂ ಆ ಜಿಐ ಗುರುತು ಇದೆ. ಹಾಗಾಗಿ ಐಎಸ್‌ಐ ಇಲ್ಲವೆಂದು ಅಸಲಿ ಚನ್ನಪಟ್ಟಣದ್ದನ್ನು ತಳ್ಳಿಹಾಕಬೇಕಿಲ್ಲ. ಅರಗಿನ ಬಣ್ಣವೋ ಪೇಂಟೋ ಎಂದು ಕೇಳಿಯೇ ಕೊಳ್ಳಿ, ಬಿಳಿ ಒದ್ದೆ ಬಟ್ಟೆಯಲ್ಲಿ ಉಜ್ಜಿದಾಗ ಬಣ್ಣ ಬಿಟ್ಟರೆ ವಾಪಸ್ ಇಡಿ.

ವಾಕರ್ ಬೇಡ, ತಳ್ಳುಗಾಡಿ ಇರಲಿ

ಮಗುವನ್ನು ನಡುವೆ ಕೂರಿಸುವ ಚಕ್ರದ ವಾಕರನ್ನು ಕೆನಡಾ 2004ರಲ್ಲೇ ನಿಷೇಧಿಸಿತು. ಮೆಟ್ಟಿಲಿನಿಂದ ಉರುಳುವುದು, ಒಲೆಯ ಮೇಲಿನ ಬಿಸಿ ಪಾತ್ರೆಗೆ ಕೈ ಎಟುಕುವುದು, ಎರಡೂ ಕ್ಷಣದಲ್ಲಿ ಆಗುತ್ತವೆ. ನಡೆಯುವುದನ್ನೂ ಅದು ಬೇಗ ಕಲಿಸುವುದಿಲ್ಲ. ಮೈಭಾರ ಬಟ್ಟೆಯ ಆಸನದ ಮೇಲಿರುತ್ತದೆ, ಮಗು ಬೆರಳ ತುದಿಯಲ್ಲಿ ನೆಲ ಒದೆಯುತ್ತದೆ, ತನ್ನ ಕಾಲು ತನಗೆ ಕಾಣುವುದೇ ಇಲ್ಲ. ಯಾರಿಗೂ ದಾಟಿಸಬೇಡಿ, ಬಿಚ್ಚಿ ಗುಜರಿಗೆ ಹಾಕಿ.

ಮಗು ಹಿಂದೆ ನಿಂತು ತಳ್ಳುವ ಮೂರು ಚಕ್ರದ ಮರದ ಗಾಡಿ ಬೇರೆಯೇ ಮಾತು. ಅದರಲ್ಲಿ ಭಾರ ಹೊರುವುದು, ತೂಕ ಕಾಯ್ದುಕೊಳ್ಳುವುದು ಮಗುವೇ. ಟೈಲ್ಸ್, ಗ್ರಾನೈಟ್ ನೆಲದ ಮೇಲೆ ಹಗುರ ಗಾಡಿ ಮುಂದಕ್ಕೆ ಓಡಿ ಮಗು ಮೂತಿ ಅಡಿಯಾಗಿ ಬೀಳುತ್ತದೆ; ಮುಂಭಾಗಕ್ಕೆ ಎರಡು ಮೂರು ಕಿಲೋ ಅಕ್ಕಿ ಚೀಲ ಕಟ್ಟಿದರೆ ನಿಧಾನವಾಗುತ್ತದೆ. ಬರಿಗಾಲಲ್ಲೇ ಬಿಡಿ. ಗಾಡಿ ಇಲ್ಲದಿದ್ದರೆ ಭಾರದ ಪ್ಲಾಸ್ಟಿಕ್ ಸ್ಟೂಲನ್ನು ತಳ್ಳಿಕೊಂಡು ಹೋಗುವುದೂ ಅಷ್ಟೇ ಒಳ್ಳೆಯದು.

ಅಕ್ಕನ ಪೆಟ್ಟಿಗೆ

ನಾಲ್ಕು ವರ್ಷದವಳಿಗೆ ಈಗ ವೇಷದ ಆಟದ ಕಾಲ. ಅಂಗಡಿಯ ಗುಲಾಬಿ ಬಣ್ಣದ ಅಡುಗೆಮನೆ ಸೆಟ್ಟಿಗಿಂತ ಎರಡು ಹಳೆಯ ದುಪ್ಪಟ, ನಾಲ್ಕು ಸಣ್ಣ ಪಾತ್ರೆ, ಕೆಟ್ಟುಹೋದ ಬೀಗ, ಒಂದು ಚೀಲ ಕೊಟ್ಟುನೋಡಿ. ಇವತ್ತು ಬಸ್ಸು, ನಾಳೆ ಬೆಣ್ಣೆದೋಸೆ ಹೋಟೆಲು. ಪ್ರತಿ ಸಾಮಾನಿಗೂ ಒಂದೇ ಅರ್ಥ ಇರುವ ಸೆಟ್ಟಿನಲ್ಲಿ ಅಷ್ಟು ದೂರ ಹೋಗಲಾಗದು. ತಮ್ಮನಿಗೂ ಅಲ್ಲಿ ಗಿರಾಕಿಯ ಪಾತ್ರ ಸಿಗುತ್ತದೆ.

ಮಣಿ ಪೋಣಿಸುವುದು, ಜಿಗ್ಸಾ, ಅಳಗುಳಿಮಣೆ ಇವು ಅವಳಿಗೆ ಬೇಕು, ಅವನಿಗೆ ಅಪಾಯ. ಮುಚ್ಚಳ ತಿರುಗಿಸಿ ಮುಚ್ಚುವ ಡಬ್ಬದಲ್ಲಿಟ್ಟು, ಅವನು ಮಲಗಿದ ಹೊತ್ತಿನಲ್ಲಿ ಮೇಜಿನ ಮೇಲೆ ಮಾತ್ರ ತೆಗೆಯಿರಿ. ಎಣಿಸಿ ತೆಗೆದು ಎಣಿಸಿ ಇಡುವ ಕೆಲಸ ಅವಳಿಗೇ ಕೊಡಿ, ಎಣಿಕೆಯ ಪಾಠ ಅದರಲ್ಲೇ ಆಗುತ್ತದೆ. ಅಳಗುಳಿಮಣೆಗೆ ಹಿಂದಿನವರು ಗುಲಗಂಜಿ ಬಳಸುತ್ತಿದ್ದುದುಂಟು. ನಿಮ್ಮ ಮನೆಯ ಹಳೇ ಡಬ್ಬಿಯಲ್ಲೂ ಇದ್ದೀತು. ಅದು ಕಡುವಿಷ. ಒಡೆದ ಅಥವಾ ಅಗಿದ ಬೀಜ ಹೊಟ್ಟೆಗೆ ಹೋದರೆ ಜೀವಕ್ಕೇ ಅಪಾಯ. ಬದಲಿಗೆ ಹುಣಸೆಬೀಜ ಹಾಕಿ, ತಮ್ಮನಿಂದ ದೂರ.

ಕೊನೆಯದಾಗಿ, ಆಟಿಕೆ ಬದಲಿಸಿದರೆ ಸರಿಹೋಗದ ಕೆಲವು ಲಕ್ಷಣಗಳಿವೆ. ಹೆಸರು ಕರೆದರೆ ತಿರುಗದಿರುವುದು, ಬೇಕಾದದ್ದನ್ನು ಬೆರಳು ಮಾಡಿ ತೋರಿಸದಿರುವುದು, ಯಾವ ಆಟಿಕೆ ಕೊಟ್ಟರೂ ಚಕ್ರವನ್ನೇ ತಿರುಗಿಸುತ್ತ ಕೂರುವುದು, ಒಂದೂವರೆ ವರ್ಷವಾದರೂ ಒಂದು ಪದ ಆಡದಿರುವುದು, ಆಸರೆಯಿಲ್ಲದೆ ನಡೆಯದಿರುವುದು, ಬಂದ ವಿದ್ಯೆ ಮರೆತುಹೋಗುವುದು. ಗೋಡೆ ಹಿಡಿದು ನಡೆಯುವುದು ಹದಿನೈದು ತಿಂಗಳಿಗೆ ಸಹಜವೇ, ಇನ್ನೂ ಮೂರು ತಿಂಗಳು ಕಾಯಬಹುದು. ಉಳಿದವುಗಳಲ್ಲಿ ಒಂದು ಕಂಡರೂ ‘ಗಂಡುಮಕ್ಕಳು ತಡ’ ಎಂಬ ಮಾತಿಗೆ ಕಿವಿಗೊಡದೆ ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿಯ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಹೆಚ್ಚಿನ ತಪಾಸಣೆ ಬೇಕೆಂದರೆ ಜಿಲ್ಲಾ ಆಸ್ಪತ್ರೆಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಶೀಘ್ರ ಪತ್ತೆ ಕೇಂದ್ರವನ್ನು ವಿಚಾರಿಸಿ. ಮಾತು ಮತ್ತು ಶ್ರವಣಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹೋಗುವಾಗ ಮಗು ಮನೆಯಲ್ಲಿ ಆಡುತ್ತಿರುವ ಎರಡು ಮೂರು ನಿಮಿಷದ ವಿಡಿಯೊ ಮಾಡಿಕೊಂಡು ಹೋಗಿ. ಹೊಸ ಜಾಗದಲ್ಲಿ ಮಗು ಮುದುಡಿ ಕೂತರೂ ವೈದ್ಯರಿಗೆ ಅದರ ಆಟ ಕಾಣಬೇಕು.